ರಿವಾಲ್ವರಿಗೊಂದು ಶ್ರುತಿ, ತಾಲ್ಲೂಕಿಗೊಂದು ಗುರಿ

ಕಲಘಟಗಿ ತಾಲ್ಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಬಂದೂಕು ಎಂದರೆ ಕಾಡುಹಂದಿಯನ್ನು ಬೆದರಿಸಿ ಗೋವಿನಜೋಳ ಉಳಿಸಿಕೊಳ್ಳುವ ಸಾಧನ. ಚುನಾವಣೆ ಘೋಷಣೆಯಾದೊಡನೆ ಠಾಣೆಗೆ ಒಪ್ಪಿಸಬೇಕಾದ, ಫಲಿತಾಂಶ ಬಂದ ಮೇಲೆ ಮರಳಿ ತರಬೇಕಾದ ಸಾಮಾನು ಅದು. ನವಲಗುಂದದವರಿಗೆ ಗುಂಡಿನ ಸದ್ದು ಎಂದೊಡನೆ ನೆನಪಾಗುವುದು 1980ರ ಜುಲೈ 21. ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಅಂದು ನಡೆದ ಗೋಲಿಬಾರ್ ರಾಜ್ಯದ ರಾಜಕಾರಣದ ದಿಕ್ಕನ್ನೇ ಬದಲಿಸಿತು. ಇನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದ ಬಳಿಕ, ಧಾರವಾಡದ ಓದುಬರಹದ ಮನೆಗಳಲ್ಲಿ ಪಿಸ್ತೂಲು ಎಂಬ ಶಬ್ದ ಉಚ್ಚರಿಸುವಾಗಲೇ ದನಿ ತಗ್ಗುತ್ತದೆ. ಇಂಥ ಜಿಲ್ಲೆಯಲ್ಲಿ ರಿವಾಲ್ವರ್ ಒಂದು ಕ್ರೀಡಾ ಸಾಧನವೂ ಹೌದು, ಸಂಗೀತಗಾರ ತಂಬೂರಿಯನ್ನು ಶ್ರುತಿಗೊಳಿಸುವಂತೆ ಅದನ್ನೂ ಸ್ಪರ್ಧೆಗೆಂದು ಹದಗೊಳಿಸುತ್ತಾರೆ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು, ಕೆಲವರಿಗೆ ನೋವೂ ಆಗಬಹುದು.

ಆದರೂ ಈ ಮಾತನ್ನು ಆಡಬೇಕಾಗಿದೆ. ನಮ್ಮ ನಡುವೆ ಕೈಬಂದೂಕಿನ ಬಗ್ಗೆ ಇರುವುದು ಎರಡೇ ಭಾವ. ಒಂದು ಭಯ, ಇನ್ನೊಂದು ಪ್ರತಿಷ್ಠೆ. ಸೊಂಟದಲ್ಲಿ ರಿವಾಲ್ವರ್ ಸಿಕ್ಕಿಸಿಕೊಂಡವನನ್ನು ಕಂಡು ಊರು ಬೆದರುತ್ತದೆ. ಹಾಗೆ ಬೆದರಲಿ ಎಂದೇ ಆತ ಪರವಾನಗಿಗಾಗಿ ಓಡಾಡಿರುತ್ತಾನೆ. ಸ್ಪರ್ಧೆಯ ರಿವಾಲ್ವರನ್ನು ಸಿದ್ಧಪಡಿಸುವ ವಿದ್ಯೆಯನ್ನು ಹತ್ತಿರದಿಂದ ನೋಡಿದರೆ ಈ ಎರಡೂ ಭಾವಗಳು ಸಡಿಲಗೊಳ್ಳುತ್ತವೆ. ಹಾಗೆ ಸಡಿಲಗೊಂಡಾಗ ಮಾತ್ರ ನಮ್ಮ ಹಳ್ಳಿಯ ಮಕ್ಕಳಿಗೆ ಈ ಕ್ರೀಡೆಯ ಬಾಗಿಲು ಏಕೆ ಮುಚ್ಚಿದೆ, ಅದನ್ನು ಯಾವ ಕಡೆಯಿಂದ ತೆರೆಯಬಹುದು ಎಂಬುದು ಕಾಣುತ್ತದೆ.

ಮೊದಲು ಆಟದ ಸ್ವರೂಪ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯಲ್ಲಿ ರಿವಾಲ್ವರಿಗೆ ಇಂದಿಗೂ ಅವಕಾಶವಿರುವ ಪುರುಷರ ಸ್ಪರ್ಧೆ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು. ಒಟ್ಟು 60 ಗುಂಡು. ಮೊದಲ 30 ಗುಂಡು ನಿಖರತೆಯ ಪರೀಕ್ಷೆ: ಐದು ಗುಂಡಿಗೆ ಐದು ನಿಮಿಷ, ಹತ್ತು ಅಂಕದ ವೃತ್ತದ ಅಡ್ಡಳತೆ ಕೇವಲ 50 ಮಿಲಿಮೀಟರ್. ಉಳಿದ 30 ಗುಂಡು ವೇಗದ ಪರೀಕ್ಷೆ: ಗುರಿಫಲಕ ಮೂರು ಸೆಕೆಂಡು ಮಾತ್ರ ಎದುರಾಗುತ್ತದೆ, ಅಷ್ಟರಲ್ಲಿ ತೋಳನ್ನು ಕೆಳಗಿನಿಂದ ಎತ್ತಿ ಒಂದೇ ಗುಂಡು ಹಾರಿಸಬೇಕು, ಮತ್ತೆ ಏಳು ಸೆಕೆಂಡು ಕಾಯಬೇಕು. ಹಿಡಿಯುವುದು ಒಂದೇ ಕೈಯಲ್ಲಿ. ಮಣಿಕಟ್ಟಿಗೆ ಯಾವ ಆಸರೆಯೂ ಇರಕೂಡದು. ಪೂರ್ಣಾಂಕ 600. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜ್ವರದ ನಡುವೆಯೇ 590 ಅಂಕ ಗಳಿಸಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದ್ದು ಇದೇ ಸ್ಪರ್ಧೆಯಲ್ಲಿ.

ಅಂಗಡಿಯಿಂದ ತಂದ ರಿವಾಲ್ವರ್ ಈ ಆಟಕ್ಕೆ ಒಗ್ಗುವುದಿಲ್ಲ. ಅದರ ಟ್ರಿಗರನ್ನು ಎರಡು ರೀತಿ ಎಳೆಯಬಹುದು. ಹ್ಯಾಮರನ್ನು, ಅಂದರೆ ನಮ್ಮ ಹಿರಿಯರು ಬಂದೂಕಿನ ಕುದುರೆ ಎನ್ನುತ್ತಿದ್ದ ಭಾಗವನ್ನು, ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಿ ಆಮೇಲೆ ಟ್ರಿಗರ್ ಒತ್ತುವುದು ಒಂದು. ಒಂದೇ ಎಳೆತದಲ್ಲಿ ಸಿಲಿಂಡರ್ ತಿರುಗಿ, ಕುದುರೆ ಎದ್ದು, ಬಿದ್ದು, ತೋಟಾ ಸಿಡಿಯುವಂತೆ ಮಾಡುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಸಾಮಾನ್ಯ ರಿವಾಲ್ವರಿನ ಟ್ರಿಗರ್ ನಾಲ್ಕೂವರೆಯಿಂದ ಆರು ಕಿಲೋ ಭಾರ ಬೇಡುತ್ತದೆ. ಒಂದು ಕಿಲೋ ತೂಗುವ ವಸ್ತುವನ್ನು ಚಾಚಿದ ತೋಳಿನ ತುದಿಯಲ್ಲಿ ಅಲುಗದಂತೆ ಹಿಡಿದು, ಅದರ ಮೇಲೆಯೇ ಐದು ಕಿಲೋ ಒತ್ತಡ ಹಾಕಿದರೆ ನಳಿಕೆ ಓಲಾಡದೆ ಇರುತ್ತದೆಯೇ? ಆದ್ದರಿಂದ ಗುರಿಗಾರ ನಿಖರತೆಯ ಸುತ್ತಿನಲ್ಲಿ ಕುದುರೆಯನ್ನು ಮೊದಲೇ ನಿಲ್ಲಿಸಿಕೊಳ್ಳುತ್ತಾನೆ. ಕುಶಲ ಬಂದೂಕು ಕೆಲಸಗಾರ ಆ ಕುದುರೆಯ ಕಚ್ಚು ಮತ್ತು ಟ್ರಿಗರಿನ ತುದಿ ಸೇರುವ ಜಾಗವನ್ನು ನುಣುಪುಗೊಳಿಸಿ, ಎಳೆತ ತೊಡರಿಲ್ಲದೆ, ಪ್ರತಿಸಲವೂ ಒಂದೇ ತೂಕದಲ್ಲಿ ಬಿಡುಗಡೆಯಾಗುವಂತೆ ಮಾಡುತ್ತಾನೆ.

ಕುಂದಗೋಳದವರಿಗೆ ಇದನ್ನು ವಿವರಿಸುವುದು ಸುಲಭ. ಸವಾಯಿ ಗಂಧರ್ವರ ಆ ಊರಿನಲ್ಲಿ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೊಂದನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ತೆರೆದುಕೊಳ್ಳುತ್ತದೆ, ಇನ್ನಷ್ಟು ಸರಿಸಿದರೆ ಕೆಡುತ್ತದೆ ಎಂಬುದನ್ನು ಬಲ್ಲ ಕಿವಿಗಳಿವೆ. ಕೂರಿಗೆಯ ತಾಳು ಎಷ್ಟು ಆಳ ಇಳಿಯಬೇಕೆಂದು ಎರೆಭೂಮಿಯ ಹಸಿ ನೋಡಿ ಹೊಂದಿಸುವ ಬಡಿಗನದೂ ಇದೇ ವಿದ್ಯೆ. ರಿವಾಲ್ವರಿನಲ್ಲೂ ಹಾಗೆಯೇ. ಕಚ್ಚನ್ನು ಅತಿಯಾಗಿ ಉಜ್ಜಿದರೆ ಎತ್ತಿ ನಿಲ್ಲಿಸಿದ ಕುದುರೆ ತಾನಾಗಿಯೇ ಜಾರಿ ಬೀಳಬಹುದು. ಎಳೆತ ಹಗುರಾಗಲೆಂದು ಮುಖ್ಯ ಸ್ಪ್ರಿಂಗನ್ನು ಅತಿಯಾಗಿ ಸಡಿಲಿಸಿದರೆ ಕುದುರೆಯ ಹೊಡೆತ ತೋಟಾದ ಹಿಂಬದಿಯ ಪ್ರೈಮರನ್ನು ಸಿಡಿಸಲು ಸಾಲದೆ, ಸ್ಪರ್ಧೆಯ ನಡುವೆ ಬರೀ ಟಿಕ್ಕೆಂಬ ಸದ್ದು ಉಳಿಯುತ್ತದೆ. ಹಗುರವಾಗಿಸುವುದು ಸುಲಭ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದೇ ಕುಶಲತೆ.

ಈ ಎಲ್ಲೆಯನ್ನು ಕ್ರೀಡೆಯೇ ಕಾಯುತ್ತದೆ ಎಂಬುದು ಗಮನಾರ್ಹ. ಸೆಂಟರ್ ಫೈರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ಭಾರವನ್ನು ತಾಳಲೇಬೇಕು. ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು, ಟ್ರಿಗರಿಗೆ ತೂಕದ ಬಟ್ಟು ತಗುಲಿಸಿ ಎತ್ತಿ ನೋಡುತ್ತಾರೆ. ಬಟ್ಟು ಮೇಲೇಳುವ ಮೊದಲೇ ಕುದುರೆ ಬಿದ್ದರೆ ಆ ಬಂದೂಕಿಗೆ ಅಂಕಣದಲ್ಲಿ ಜಾಗವಿಲ್ಲ. ನಳಿಕೆಯ ಉದ್ದ 153 ಮಿಲಿಮೀಟರ್ ಮೀರಬಾರದು, ಮುಂದಿನ ಮತ್ತು ಹಿಂದಿನ ಸೈಟುಗಳ ಅಂತರ 220 ಮಿಲಿಮೀಟರ್ ಮೀರಬಾರದು, ಒಟ್ಟು ತೂಕ 1400 ಗ್ರಾಂ ದಾಟಬಾರದು. ದುರ್ಬೀನು, ಲೇಸರ್ ಯಾವುದೂ ಸಲ್ಲದು. ಆರು ಕೋಣೆಯ ಸಿಲಿಂಡರಿನಲ್ಲೂ ಒಂದು ಸುತ್ತಿಗೆ ತುಂಬುವುದು ಐದೇ ತೋಟಾ.

ಟ್ರಿಗರಿನ ಆಚೆಗೂ ಕೆಲಸವಿದೆ. ಸಿಲಿಂಡರ್ ತಿರುಗಿ ನಿಂತಾಗ ಕೋಣೆಯ ಬಾಯಿ ನಳಿಕೆಯ ಬಾಯಿಗೆ ಸರಿಯಾಗಿ ಎದುರಾಗಬೇಕು. ತುಸು ಓರೆಯಾದರೂ ಗುಂಡಿನ ಅಂಚಿನ ಸೀಸ ಕೆತ್ತಿಹೋಗುತ್ತದೆ, ಗುರಿ ತಪ್ಪುತ್ತದೆ, ಸೀಸದ ಚೂರು ಪಕ್ಕದವರ ಮುಖಕ್ಕೆ ಸಿಡಿಯುವುದೂ ಉಂಟು. ಸಿಲಿಂಡರಿಗೂ ನಳಿಕೆಗೂ ನಡುವೆ ಇರಬೇಕಾದ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಸಂದು ಹೆಚ್ಚಿದರೆ ಅನಿಲ ಸೋರುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಸಿಲಿಂಡರ್ ಬಿಗಿಯುತ್ತದೆ. ಆರು ಕೋಣೆಗಳೂ ಹುಟ್ಟಿನಿಂದ ಒಂದೇ ಗುಣದವಲ್ಲ. ಬಲ್ಲ ಗುರಿಗಾರ ಪ್ರತಿ ಕೋಣೆಯನ್ನೂ ಬೇರೆ ಬೇರೆ ಪರೀಕ್ಷಿಸಿ, ದಾರಿ ತಪ್ಪುವ ಕೋಣೆಯನ್ನು ಗುರುತು ಮಾಡಿ ಖಾಲಿ ಬಿಡುತ್ತಾನೆ. ಕೊನೆಗೆ ಹಿಡಿಕೆ. ಅಂಗಡಿಯ ಹಿಡಿಕೆ ಎಲ್ಲರ ಕೈಗೆಂದು ಮಾಡಿದ್ದು, ಅಂದರೆ ಯಾರ ಕೈಗೂ ಸರಿಹೊಂದದ್ದು. ಸ್ಪರ್ಧಿಯ ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಮರವನ್ನು ಕೆತ್ತಿ, ಅರದಿಂದ ತಿದ್ದಿ, ಕಣ್ಣು ಮುಚ್ಚಿ ಎತ್ತಿದರೂ ಸೈಟುಗಳು ಸಾಲಾಗಿ ನಿಲ್ಲುವಂತೆ ಮಾಡಬೇಕು.

ಇಷ್ಟೆಲ್ಲ ಆದ ಮೇಲೆ ಕೈಗೆ ಬರುವ ವಸ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಅನುಕೂಲವಾದದ್ದಲ್ಲ, ಊರನ್ನು ಬೆದರಿಸಲು ತಕ್ಕದ್ದೂ ಅಲ್ಲ. ಅದರ ಉದ್ದ ನಳಿಕೆ, ದಪ್ಪ ಹಿಡಿಕೆ, ಎತ್ತರದ ಸೈಟು ಎಲ್ಲವೂ ಅದನ್ನು ಅಂಗಣದಲ್ಲಿ ಕಾಗದದ ಫಲಕವೊಂದಕ್ಕೆ ಕಟ್ಟಿಹಾಕುತ್ತವೆ. ನಮ್ಮಲ್ಲಿ ಪರವಾನಗಿದಾರರ ಬಳಿ ಹೆಚ್ಚಾಗಿ ಕಾಣುವ ಕಾನ್ಪುರದ .32 ರಿವಾಲ್ವರಿನ ಕತೆ ಇದಕ್ಕೆ ತದ್ವಿರುದ್ಧ. ಬ್ರಿಟಿಷರ ಕಾಲದ ವೆಬ್ಲಿ ಮಾದರಿಯಿಂದ ಬಂದ ಅದಕ್ಕೆ ಮೂರು ಅಂಗುಲದ ಗಿಡ್ಡ ನಳಿಕೆ, ಅಲುಗಾಡಿಸಲಾಗದ ಸಣ್ಣ ಸೈಟು. 2014ರಲ್ಲಿ ಮಹಿಳೆಯರ ರಕ್ಷಣೆಯ ಹೆಸರಿನಲ್ಲಿ ಬಿಡುಗಡೆಯಾದ ‘ನಿರ್ಭೀಕ್’ ಇನ್ನೂ ಹಗುರ, ಸುಮಾರು ಅರ್ಧ ಕಿಲೋ; ಬೆಲೆ ಆಗಲೇ ಒಂದು ಲಕ್ಷ 20 ಸಾವಿರ ರೂಪಾಯಿ ಮೀರಿತ್ತು. ಇಂಥವನ್ನು ಎಷ್ಟು ಹದಗೊಳಿಸಿದರೂ ಅವು ಸ್ಪರ್ಧೆಯ ಸಾಧನಗಳಾಗವು. ವಾಸ್ತವವಾಗಿ ಇಂದು ದೊಡ್ಡ ಅಂಕಣಗಳಲ್ಲಿ ರಿವಾಲ್ವರನ್ನು ಇಟಲಿ, ಜರ್ಮನಿಗಳ ಗುರಿ ಪಿಸ್ತೂಲುಗಳು ಬಹುಮಟ್ಟಿಗೆ ಹಿಂದೆ ಸರಿಸಿವೆ. ರಿವಾಲ್ವರಿಗೆಂದೇ ಮೀಸಲಾದ ಪಂದ್ಯಗಳು ಉಳಿದಿರುವುದು ಮುಖ್ಯವಾಗಿ ಅಮೆರಿಕದಲ್ಲಿ. ಅಲ್ಲಿನ ಜೆರ್ರಿ ಮಿಕ್ಯುಲೆಕ್ 1999ರಲ್ಲಿ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಹಾರಿಸಿದ್ದು 2.99 ಸೆಕೆಂಡಿನಲ್ಲಿ. ಆರು ತೋಟಾಗಳನ್ನು ಒಟ್ಟಿಗೆ ಹಿಡಿದಿಡುವ ತೆಳು ಉಕ್ಕಿನ ಬಿಲ್ಲೆ ಇಲ್ಲದೆ ಅದು ಸಾಧ್ಯವಿರಲಿಲ್ಲ; ಆ ಬಿಲ್ಲೆ ಒಂದಿಷ್ಟು ಬಾಗಿದ್ದರೂ ಸಿಲಿಂಡರ್ ತಿರುಗುತ್ತಿರಲಿಲ್ಲ.

ನಮ್ಮಲ್ಲಿ ಈ ಕುಶಲತೆ ಬೆಳೆಯದಿರಲು ಕಾರಣ ಕೈಗಳ ಕೊರತೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಬಂದೂಕು ತಯಾರಿಸುವುದಷ್ಟೇ ಅಲ್ಲ, ದುರಸ್ತಿ ಮಾಡುವ, ಪರೀಕ್ಷಿಸುವ ವೃತ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ಅಣ್ಣಿಗೇರಿಯ ಕಮ್ಮಾರನೊಬ್ಬ ಎಷ್ಟೇ ಸೂಕ್ಷ್ಮ ಕೆಲಸದವನಾದರೂ ನೆರೆಯವನ ಬಂದೂಕಿನ ಸ್ಪ್ರಿಂಗ್ ತಿದ್ದಿದರೆ ಅಪರಾಧಿಯಾಗುತ್ತಾನೆ. ಈ ಬಿಗಿಗೆ ನಮ್ಮ ಸೀಮೆಯಲ್ಲಿ ಹಳೆಯ ಬೇರುಗಳಿವೆ. 1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಬೇಕೆಂದು ಹೇಳಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪದೆ ಹೋರಾಡಿ ಗಲ್ಲಿಗೇರಿದರು. ಲಾವಣಿ ಅವರನ್ನು ಉಳಿಸಿಕೊಂಡಿತು. ಮರುವರ್ಷ ನವಲಗುಂದದ ನೆರೆಯ ನರಗುಂದದಲ್ಲಿ ಬಾಬಾಸಾಹೇಬ ಬಂಡೆದ್ದುದರ ಹಿಂದೆಯೂ ತೋಪು ಮತ್ತು ಮದ್ದುಗುಂಡು ಒಪ್ಪಿಸಬೇಕೆಂಬ ಒತ್ತಡ ಒಂದು ಕಾರಣವಾಗಿತ್ತು. 1878ರ ಕಾಯಿದೆ ಭಾರತೀಯರಿಗೆ ಪರವಾನಗಿಯಿಲ್ಲದೆ ಆಯುಧವಿಲ್ಲ ಎಂಬುದನ್ನು ಗಟ್ಟಿಗೊಳಿಸಿತು. ಸ್ವತಂತ್ರ ಭಾರತದ ಕಾಯಿದೆ ಬೇರೆ ಉದ್ದೇಶದ್ದು. ಪ್ರಜೆಗಳ ಪ್ರಾಣರಕ್ಷಣೆಯೇ ಅದರ ತಿರುಳು, ಆ ಬಿಗಿ ಇರಲೇಬೇಕಾದದ್ದು. ಆದರೆ ಪರವಾನಗಿ ಎಂದರೆ ಅಂತಸ್ತು ಎಂಬ ವಸಾಹತು ಕಾಲದ ಭಾವನೆ ಮಾತ್ರ ನಮ್ಮೊಳಗೆ ಹಾಗೆಯೇ ಉಳಿದುಬಿಟ್ಟಿದೆ.

ಕಾನೂನು ಕ್ರೀಡೆಯನ್ನು ಮರೆತಿಲ್ಲ ಎಂಬುದನ್ನೂ ಹೇಳಬೇಕು. 2019ರ ತಿದ್ದುಪಡಿ ಒಬ್ಬ ವ್ಯಕ್ತಿ ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. 2020ರ ಅಧಿಸೂಚನೆ ಹೆಸರಾಂತ ಶೂಟರ್‌ಗಳಿಗೆ ಅದನ್ನು ಸಡಿಲಿಸಿ 12ರವರೆಗೂ ಅವಕಾಶ ನೀಡಿತು. ಆದರೆ ಹೆಸರಾಗುವ ಮೊದಲಿನ ದಾರಿಯ ಪ್ರಶ್ನೆ ಉಳಿದೇ ಇದೆ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಪಂದ್ಯದಷ್ಟು ಅಭ್ಯಾಸ ಮಾಡಿದರೂ ನಾಲ್ಕು ವಾರಕ್ಕೆ 720 ತೋಟಾ ಬೇಕು. ಎರಡು ಎಕರೆ ಒಣಬೇಸಾಯದ ಕುಟುಂಬದ ಹುಡುಗನಿಗೆ ಈ ಲೆಕ್ಕ ಕೇಳಿದೊಡನೆಯೇ ಆಟ ಮುಗಿಯುತ್ತದೆ.

ಹಾಗಾದರೆ ಈ ಕ್ರೀಡೆ ಹಳ್ಳಿಗೆ ಎಟುಕದ್ದೇ? ರಾಜ್ಯದೊಳಗೇ ಒಂದು ಭಿನ್ನ ಪರಂಪರೆಯಿದೆ. ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಪಡೆದಿರುವ ಕೊಡವರಲ್ಲಿ ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ಊರೂರಲ್ಲಿ ನಡೆಯುತ್ತದೆ. ಅಲ್ಲಿ ಬಂದೂಕು ಮನೆತನದ ಪೂಜೆಯ ವಸ್ತು. ಆ ಚರಿತ್ರೆ ನಮ್ಮದಲ್ಲ, ಆ ವಿನಾಯಿತಿಯನ್ನು ಇಲ್ಲಿ ಕೇಳುವುದೂ ಸರಿಯಲ್ಲ. ನಮಗೆ ಪಾಠವಾಗಬೇಕಾದದ್ದು ಹೆದ್ದಾರಿಯಲ್ಲಿ ನಾಲ್ಕೈದು ತಾಸಿನ ದೂರದಲ್ಲಿರುವ ಕೊಲ್ಹಾಪುರ. ಆ ಜಿಲ್ಲೆಯ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ಅದೇ ಜಿಲ್ಲೆಯ ಕಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ವಿಭಾಗದಲ್ಲಿ ಕಂಚು ಗೆದ್ದರು. ಕುಸಾಳೆ ಬೆಳೆದದ್ದು ಮಹಾರಾಷ್ಟ್ರ ಸರ್ಕಾರದ ಕ್ರೀಡಾ ಪ್ರಬೋಧಿನಿ ಯೋಜನೆಯಲ್ಲಿ, ಬಳಿಕ ಕೆಲಸ ಸಿಕ್ಕಿದ್ದು ರೈಲ್ವೆಯಲ್ಲಿ. ಪ್ಯಾರಿಸ್‌ನಲ್ಲಿ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಪಡೆದ ಮನು ಭಾಕರ್ ಕೂಡ ಹರಿಯಾಣದ ಗೋರಿಯಾ ಎಂಬ ಹಳ್ಳಿಯವರು. ಹಳ್ಳಿ ಅಡ್ಡಿಯಲ್ಲ, ಹಳ್ಳಿಯಿಂದ ಅಂಕಣದವರೆಗಿನ ಮೆಟ್ಟಿಲು ಇಲ್ಲದಿರುವುದೇ ಅಡ್ಡಿ.

ಆ ಮೊದಲ ಮೆಟ್ಟಿಲು ರಿವಾಲ್ವರ್ ಅಲ್ಲ, ಏರ್ ಪಿಸ್ತೂಲು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ವ್ಯಾಸದ, 20 ಜೂಲ್ ಮೀರದ ಗಾಳಿ ಬಂದೂಕುಗಳಿಗೆ ಪರವಾನಗಿ ಬೇಡ. ದೂರ ಕೇವಲ ಹತ್ತು ಮೀಟರ್. ಮಳೆಗಾಲದಲ್ಲೂ ಒಂದು ಉದ್ದನೆಯ ಕೋಣೆ ಸಾಕು. ಅಲ್ಲೂ ಟ್ರಿಗರಿಗೆ ಕನಿಷ್ಠ 500 ಗ್ರಾಂ ಭಾರದ ನಿಯಮವಿದೆ, ಹಿಡಿಕೆ ಕೆತ್ತುವ ವಿದ್ಯೆಯಿದೆ, ಸೈಟು ತಿದ್ದುವ ವಿದ್ಯೆಯಿದೆ. ಮುಖ್ಯವಾಗಿ, ಈ ಆಟದ ಅರ್ಧಕ್ಕೂ ಹೆಚ್ಚು ಅಭ್ಯಾಸ ಗುಂಡೇ ಇಲ್ಲದೆ ನಡೆಯುವಂಥದು: ಖಾಲಿ ಪಿಸ್ತೂಲನ್ನು ಎತ್ತಿ, ಉಸಿರು ಹಿಡಿದು, ಸೈಟು ಅಲುಗದಂತೆ ಟ್ರಿಗರ್ ಒತ್ತುವುದು. ಅದಕ್ಕೆ ಬೇಕಾದದ್ದು ತಾಳ್ಮೆ. ಇಲ್ಲಿ ಪಳಗಿದ ಕೈ ಮುಂದೆ .22 ಪಿಸ್ತೂಲಿಗೂ ಸೆಂಟರ್ ಫೈರ್ ಸ್ಪರ್ಧೆಗೂ ಸಾಗಬಲ್ಲದು. ಆ ಹಂತ ತಲುಪುವ ಹೊತ್ತಿಗೆ ಆ ಕೈಗೆ ಆಯುಧದ ಗೌರವವೂ ಗೊತ್ತಿರುತ್ತದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದು ಹತ್ತು ಮೀಟರ್ ಕೋಣೆ, ಬೀಗ ಹಾಕಿ ಲೆಕ್ಕವಿಡುವ ನಾಲ್ಕಾರು ಏರ್ ಪಿಸ್ತೂಲು, ತರಬೇತಿ ಪಡೆದ ಒಬ್ಬ ದೈಹಿಕ ಶಿಕ್ಷಕ, ತಿಂಗಳಿಗೊಮ್ಮೆ ಬಂದು ಸಾಧನಗಳನ್ನು ಪರೀಕ್ಷಿಸಿ ಹೊಂದಿಸಿಕೊಡುವ ಒಬ್ಬ ಪರಿಣತ: ಕ್ರೀಡಾ ಇಲಾಖೆಗೆ ಇದು ದೊಡ್ಡ ಹೊರೆಯಲ್ಲ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಬಂದ ಮಕ್ಕಳು, ನಿವೃತ್ತ ಸೈನಿಕರು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯಿದೆ. ಕ್ರೀಡಾ ಕೋಟಾದ ನೌಕರಿ ಎಂಬ ಮಾತು ಇಲ್ಲಿ ಯಾರಿಗೂ ಹೊಸದಲ್ಲ.

ಆಕ್ಷೇಪಗಳು ಬರುತ್ತವೆ, ಬರಬೇಕು. ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ನವಲಗುಂದಕ್ಕೆ ಪಿಸ್ತೂಲಿನ ಕೋಣೆ ಬೇಕೆ ಎಂದು ಕೇಳುವವರಿಗೆ ಉತ್ತರ ಇಷ್ಟೇ: ನೀರು ಕೊಡದಿರುವುದಕ್ಕೆ ಈ ಕೋಣೆ ನೆಪವಾಗಕೂಡದು; ನೀರು ಬರುವವರೆಗೆ ಮಕ್ಕಳಿಗೆ ಬೇರೇನೂ ಬೇಡ ಎನ್ನುವುದೂ ನ್ಯಾಯವಲ್ಲ. ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಗುಂಡಿಗೆ ಒಬ್ಬ ವಿದ್ವಾಂಸರನ್ನು ಕಳೆದುಕೊಂಡ ಜಿಲ್ಲೆಯ ಮಕ್ಕಳ ಕೈಗೆ ಪಿಸ್ತೂಲಿನಾಕಾರದ ವಸ್ತುವನ್ನು ಕೊಡಬೇಕೆ? ಕೊಲೆಗಾರ ಬಂದೂಕನ್ನು ಗುಟ್ಟಾಗಿ ಪಡೆಯುತ್ತಾನೆ, ಗುಟ್ಟಾಗಿ ಕಲಿಯುತ್ತಾನೆ. ಅಂಕಣದಲ್ಲಿ ಗುಟ್ಟಿಗೆ ಜಾಗವಿಲ್ಲ. ಅಲ್ಲಿ ಮೊದಲು ಕಲಿಸುವುದು ನಳಿಕೆಯನ್ನು ಮನುಷ್ಯನ ಕಡೆ ಎಂದೂ ತಿರುಗಿಸಬಾರದೆಂಬುದನ್ನು. ಆಜ್ಞೆಯಿಲ್ಲದೆ ತುಂಬಿದವನನ್ನು ಹೊರಗೆ ಕಳಿಸುತ್ತಾರೆ. ಪ್ರತಿ ಆಯುಧಕ್ಕೂ ದಾಖಲೆ, ಪ್ರತಿ ಗುಂಡಿಗೂ ಅಂಕ. ಆದರೂ ಆ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಪೋಷಕರ ಒಪ್ಪಿಗೆ, ಶಿಕ್ಷಕರ ಕಣ್ಗಾವಲು, ಸಾಧನಗಳು ಕೋಣೆಯಿಂದಾಚೆ ಹೋಗದಂಥ ವ್ಯವಸ್ಥೆ ಇಲ್ಲದ ಕಡೆ ಇದನ್ನು ಆರಂಭಿಸುವುದೇ ಬೇಡ.

ಅತಿ ಹಗುರವಾದ ಟ್ರಿಗರ್ ಅಪಾಯ, ಅತಿ ಬಿಗಿಯಾದ ಟ್ರಿಗರ್ ನಿರರ್ಥಕ ಎಂಬುದು ಬಂದೂಕು ಹದಗೊಳಿಸುವವರ ಅನುಭವ. ನಮ್ಮ ವ್ಯವಸ್ಥೆ ಪ್ರಭಾವಿಗಳ ಸೊಂಟದ ರಿವಾಲ್ವರಿಗೆ ಹಗುರವಾಗಿಯೂ, ಗುರಿ ಕಲಿಯಬಯಸುವ ಬಡ ಹುಡುಗಿಗೆ ಬಿಗಿಯಾಗಿಯೂ ಇದೆ. ಆತ್ಮರಕ್ಷಣೆಯ ಹೆಸರಿನಲ್ಲಿ ಪ್ರತಿಷ್ಠೆಗೆ ಕೊಡುವ ಪರವಾನಗಿಗಳನ್ನು ಕಟ್ಟುನಿಟ್ಟಾಗಿ ಮರುಪರಿಶೀಲಿಸುವುದು ಜಿಲ್ಲಾಡಳಿತದ ಕೆಲಸ. ತಾಲ್ಲೂಕಿಗೊಂದು ಹತ್ತು ಮೀಟರ್ ಕೋಣೆ ತೆರೆಯುವುದು ಕ್ರೀಡಾ ಇಲಾಖೆಯ ಕೆಲಸ. ಎರಡೂ ಒಟ್ಟಿಗೆ ನಡೆಯಬೇಕು. ಮುಂದಿನ ಆಯವ್ಯಯದಲ್ಲಿ ಎರಡನೆಯದಕ್ಕೆ ಒಂದು ಸಾಲಿನ ಅವಕಾಶ ದೊರೆತರೂ ಸಾಕು, ಕಂಬಳವಾಡಿಯಂಥ ಹಳ್ಳಿಗಳು ನಮ್ಮ ಜಿಲ್ಲೆಯಲ್ಲಿಯೂ ಇವೆ ಎಂಬುದು ಕೆಲವೇ ವರ್ಷಗಳಲ್ಲಿ ತಿಳಿಯುತ್ತದೆ.